ಲೋಬಾನದಿಂದ ನುಸಿಗುಳಿಗೆಯವರೆಗೆ

ಬಾನುಲಿಯ ಪೆಟ್ಟಿಗೆ ದೂರದ ದನಿಯನ್ನು ಮನೆಯೊಳಕ್ಕೆ ತರುತ್ತದೆ. ಪರಿಮಳವನ್ನು ಮಾತ್ರ ತರಲಾರದು. ಕಣ್ಣು ಕಂಡದ್ದಕ್ಕೆ ಚಿತ್ರವುಂಟು, ಕಿವಿ ಕೇಳಿದ್ದಕ್ಕೆ ಧ್ವನಿಮುದ್ರಿಕೆಯುಂಟು. ಮೂಗಿನ ಅನುಭವವನ್ನು ಹಾಗೆ ಕೂಡಿಟ್ಟು ಮುಂದಿನವರಿಗೆ ಒಪ್ಪಿಸುವ ಉಪಾಯ ಇಲ್ಲ. ಇದರಿಂದಲೇ ಇರಬೇಕು, ಅರಸರ ಕಾಳಗಗಳನ್ನು ಬರೆದವರಷ್ಟು ಮಂದಿ ಮನೆಯ ಕಂಪಿನ ಚರಿತ್ರೆಯನ್ನು ಬರೆಯಲಿಲ್ಲ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಬಟ್ಟೆಯ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಣಗಿದ ರಂಜೆಹೂವಿನ ವಾಸನೆಯೋ ಲಾವಂಚದ ಬೇರಿನ ವಾಸನೆಯೋ ಬರುತ್ತಿತ್ತು. ಇಂದು ಬೀರುವಿನ ಬಾಗಿಲು ತೆಗೆದರೆ ನುಸಿಗುಳಿಗೆಯ ಘಾಟು ಮೊದಲು ಬರುತ್ತದೆ. ಈ ಎರಡರ ನಡುವೆ ನಡೆದದ್ದೇನು, ಮತ್ತೆ ಹಿಂದಿನದರ ಕಡೆಗೆ ಹೊರಳಬೇಕೆನ್ನುವವರು ಏನನ್ನು ತಿಳಿದಿರಬೇಕು ಎಂಬುದು ಈ ಬರಹದ ವಿಷಯ.

ಸುಗಂಧವನ್ನು ಕೂಡಿಸುವುದು ನಮ್ಮಲ್ಲಿ ಹಳೆಯ ವಿದ್ಯೆ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿಕೊಂಡರೆ 1820 ಬಗೆಯ ಕೂಟಗಳಾಗುತ್ತವೆ ಎಂಬ ಲೆಕ್ಕವೂ ಅಲ್ಲಿ ಬರುತ್ತದೆ. ಸುಗಂಧದ ನೆಪದಲ್ಲಿ ಗಣಿತವೂ ನಡೆಯಿತು. ಕನ್ನಡದಲ್ಲಿ ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ಬರೆದ ಲೋಕೋಪಕಾರದಲ್ಲಿ ಮನೆ ಕಟ್ಟುವುದು, ನೆಲದೊಳಗಿನ ನೀರನ್ನು ಗುರುತಿಸುವುದು, ಗಿಡಮರಗಳ ಆರೈಕೆ, ಅಡುಗೆ, ವಿಷವೈದ್ಯ ಇವುಗಳ ಸಾಲಿನಲ್ಲಿಯೇ ಸುಗಂಧದ್ರವ್ಯಗಳ ವಿಚಾರವೂ ಇದೆ. ಹೆಸರೇ ಹೇಳುವಂತೆ ಅದು ಸಂಸಾರಿಗಳಿಗಾಗಿ ಬರೆದ ಪುಸ್ತಕ. ನೂರು ವರ್ಷದ ಮೇಲೆ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಅರಸನು ಅನುಭವಿಸತಕ್ಕ ಭೋಗಗಳನ್ನು ಎಣಿಸುವಾಗ ಲೇಪನಕ್ಕೂ ಧೂಪಕ್ಕೂ ಬೇರೆ ಬೇರೆಯಾಗಿ ಸ್ಥಾನ ಕೊಟ್ಟನು.

ಅರಮನೆಯ ಕಸ್ತೂರಿ, ಪುನುಗು, ಕೇಸರಿಗಳು ಸಾಮಾನ್ಯರ ಮನೆಗೆ ಬಂದವೆಂದು ಹೇಳುವಂತಿಲ್ಲ. ಸಾಮಾನ್ಯರಿಗೆ ದೊರೆತದ್ದು ಹಿತ್ತಿಲು ಮತ್ತು ಕಾಡು. ಮಲ್ಲಿಗೆ, ಸಂಪಿಗೆ, ಕೇದಗೆ, ದವನ, ಮರುಗ ಮುಡಿಯುವುದಕ್ಕಾದವು. ಒಣಗಿದ ಮೇಲೂ ಕಂಪು ಬಿಡದ ಸುರಗಿ ಮತ್ತು ರಂಜೆ ಪೆಟ್ಟಿಗೆಯೊಳಕ್ಕೆ ಸೇರಿದವು. ಲಾವಂಚದ ಬೇರು ಕುಡಿಯುವ ನೀರಿನ ಹೂಜಿಗೂ ಬೇಸಗೆಯ ತಟ್ಟಿಗೂ ಆಯಿತು. ಕಚೋರ, ಬಜೆ, ಸೀಗೆ, ಕಡಲೆಹಿಟ್ಟು ಮೀಯುವ ಮನೆಗೆ ಹೋದವು. ಮಲ್ಲಿಗೆಯ ಕಂಪನ್ನು ಎಣ್ಣೆಗೆ ಇಳಿಸಬೇಕಾದರೆ ಎಳ್ಳಿನ ಮೇಲೆ ಹೂವನ್ನು ಪದರ ಪದರವಾಗಿ ಹರಡಿ, ಬಾಡಿದ್ದನ್ನು ತೆಗೆದು ಹೊಸದನ್ನು ಹಾಕುತ್ತ ಹೋಗಿ, ಕೊನೆಗೆ ಆ ಎಳ್ಳನ್ನು ಗಾಣಕ್ಕೆ ಕೊಡುತ್ತಿದ್ದರು. ಎಳ್ಳಿನ ಜಿಡ್ಡು ಹೂವಿನ ಕಂಪನ್ನು ಹೀರಿ ಹಿಡಿದುಕೊಳ್ಳುತ್ತದೆ. ಉತ್ತರದ ಕನ್ನೌಜಿನ ಅತ್ತರದವರು ಇದನ್ನೇ ಇನ್ನೊಂದು ರೀತಿಯಲ್ಲಿ ಮಾಡಿದರು. ತಾಮ್ರದ ಹಂಡೆಯಲ್ಲಿ ಹೂವು ನೀರು ತುಂಬಿ ಕಾಯಿಸಿ, ಆವಿಯನ್ನು ಬಿದಿರಿನ ಕೊಳವೆಯ ಮೂಲಕ ಗಂಧದೆಣ್ಣೆಯಿದ್ದ ಇನ್ನೊಂದು ಪಾತ್ರೆಗೆ ಬಿಟ್ಟರು. ಗುಲಾಬಿಯಾಗಲಿ ಮಲ್ಲಿಗೆಯಾಗಲಿ, ಅದಕ್ಕೆ ಆಸರೆ ಶ್ರೀಗಂಧದ ಎಣ್ಣೆ. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯನ್ನೂ ಅವರು ಸುಟ್ಟ ಮಣ್ಣಿನಿಂದ ಹೀಗೆಯೇ ಬಟ್ಟಿ ಇಳಿಸಿದರು.

ಇನ್ನು ಧೂಪ. ಎಣ್ಣೆನೀರಿನ ದಿನ ತಲೆಗೂದಲಿಗೆ ಹಿಡಿಯುವ, ಸಂಜೆ ಮನೆಯ ಮೂಲೆಮೂಲೆಗೂ ತೋರಿಸುವ ಲೋಬಾನ ನಮ್ಮ ನೆಲದ್ದಲ್ಲ. ಅದು ಸುಮಾತ್ರ ಮತ್ತು ಸಯಾಮಿನ ಕಾಡುಗಳಲ್ಲಿ ಬೆಳೆಯುವ ಒಂದು ಜಾತಿಯ ಮರದ ಅಂಟು. ಅರಬ್ಬಿ ವರ್ತಕರು ಇದನ್ನು ‘ಲುಬಾನ್ ಜಾವಿ’, ಎಂದರೆ ಜಾವಾ ಕಡೆಯ ಧೂಪ, ಎಂದು ಕರೆದರು. ಇದೇ ಮಾತು ನಮ್ಮಲ್ಲಿ ಲೋಬಾನವಾಗಿ ನಿಂತಿತು. ಯೂರೋಪಿಗೆ ಹೋದದ್ದರ ಪಾಡು ಬೇರೆಯಾಯಿತು. ಅಲ್ಲಿನವರು ಮೊದಲಿನ ‘ಲು’ ಎಂಬುದು ತಮ್ಮ ಭಾಷೆಯಲ್ಲಿ ಹೆಸರಿನ ಹಿಂದೆ ಬರುವ ಉಪಪದವೆಂದು ತಿಳಿದು ಅದನ್ನು ಕಳಚಿಬಿಟ್ಟರು. ಉಳಿದದ್ದು ‘ಬನ್‌ಜಾವಿ’. ಅದು ಸವೆದು ಬೆಂಜೋಯಿನ್ ಆಯಿತು. ಆ ಅಂಟಿನಿಂದ ತೆಗೆದ ಆಮ್ಲಕ್ಕೆ ಬೆಂಜೋಯಿಕ್ ಆಮ್ಲವೆಂದು ಹೆಸರಾಯಿತು. 1833ರಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಮಿಚರ್ಲಿಖ್ ಎಂಬಾತನು ಈ ಆಮ್ಲವನ್ನು ಸುಣ್ಣದೊಂದಿಗೆ ಬಟ್ಟಿಯಿಳಿಸಿ ತಿಳಿಯಾದ ಒಂದು ದ್ರವವನ್ನು ಪಡೆದನು. ಲಂಡನ್ನಿನ ಫ್ಯಾರಡೆ ಎಂಟು ವರ್ಷ ಮೊದಲೇ ದೀಪದ ಅನಿಲದ ಜಿಡ್ಡಿನಲ್ಲಿ ಕಂಡಿದ್ದ ವಸ್ತುವೇ ಅದು. ಅದಕ್ಕೆ ಇಂದಿರುವ ಹೆಸರು ಬೆಂಜೀನ್. ನಮ್ಮ ಧೂಪಾರತಿಯ ಅಂಟು ಆಧುನಿಕ ರಸಾಯನೋದ್ಯಮದ ಮೂಲವಸ್ತುವೊಂದಕ್ಕೆ ಹೆಸರು ಕೊಟ್ಟಿತು.

ಮರುವರ್ಷ ಅದೇ ಮಿಚರ್ಲಿಖ್ ಬೆಂಜೀನಿಗೆ ನೈಟ್ರಿಕ್ ಆಮ್ಲವನ್ನು ಸೇರಿಸಿ ನೋಡಿದನು. ಕಹಿಬಾದಾಮಿಯ ವಾಸನೆಯ ಹಳದಿ ಎಣ್ಣೆ ಬಂದಿತು. ಬಾದಾಮಿಯ ಗಿಡವಿಲ್ಲ, ಬೀಜವಿಲ್ಲ, ಬಾದಾಮಿಯ ವಾಸನೆಯುಂಟು! ಮುಂದೆ 1845ರಲ್ಲಿ ಹಾಫ್‌ಮನ್ ಎಂಬ ಪಂಡಿತನು ಕಲ್ಲಿದ್ದಲಿನ ಡಾಂಬರಿನಲ್ಲಿ ಬೆಂಜೀನ್ ಇರುವುದನ್ನು ಕಂಡನು. ಊರುಗಳಿಗೆ ದೀಪದ ಅನಿಲವನ್ನು ಒದಗಿಸುವ ಕಾರ್ಖಾನೆಗಳ ಹಿತ್ತಿಲಲ್ಲಿ ಈ ಡಾಂಬರು ಕೇಳುವವರಿಲ್ಲದೆ ಬಿದ್ದಿತ್ತು. ಹಾಫ್‌ಮನ್ನನ ಶಿಷ್ಯ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್ ಅದರಿಂದ ಬೆಂಜೀನನ್ನು ಬೇರ್ಪಡಿಸುವ ಕ್ರಮವನ್ನು ರೂಪಿಸಿದನು. 1855ರಲ್ಲಿ ಇದೇ ಕೆಲಸದಲ್ಲಿರುವಾಗ ಬಟ್ಟಿಗೆ ಬೆಂಕಿ ಹತ್ತಿ, ಸುಟ್ಟಗಾಯಗಳಿಂದ ಮೂವತ್ತೈದರ ವಯಸ್ಸಿನಲ್ಲಿಯೇ ತೀರಿಕೊಂಡನು. ಅಷ್ಟು ಹೊತ್ತಿಗೆ ಬಾದಾಮಿ ವಾಸನೆಯ ಎಣ್ಣೆ ‘ಮಿರ್ಬೇನ್ ಸಾರ’ ಎಂಬ ಸೊಗಸಾದ ಹೆಸರಿನಿಂದ ಸಾಬೂನುಗಳಿಗೆ ಸೇರಿತ್ತು. ಅದು ವಿಷವೆಂಬುದು ಆಮೇಲೆ ಗೊತ್ತಾಯಿತು. ಚರ್ಮದ ಮೂಲಕವೂ ಉಸಿರಿನ ಮೂಲಕವೂ ಮೈಗೆ ಇಳಿದು, ಆಮ್ಲಜನಕವನ್ನು ಹೊರುವ ಶಕ್ತಿಯನ್ನು ರಕ್ತದಿಂದ ಕಿತ್ತುಕೊಳ್ಳುತ್ತದೆ. ತುಟಿ ಉಗುರುಗಳು ನೀಲಿಗಟ್ಟುತ್ತವೆ. ಕೃತಕ ಸುಗಂಧದ ಚರಿತ್ರೆಯ ಮೊದಲ ಪುಟದಲ್ಲಿಯೇ ಅದರ ಗುಣವೂ ದೋಷವೂ ಜೊತೆಜೊತೆಯಾಗಿ ಬರೆಯಲ್ಪಟ್ಟಿದೆ. ಅಗ್ಗವಾಗಿ ಮಾಡಬಹುದು, ಮೈಗೆ ಏನು ಮಾಡೀತೆಂಬುದು ಬಳಸಿದ ಮೇಲೆ ತಿಳಿಯುತ್ತದೆ.

ಅಲ್ಲಿಂದ ಮುಂದೆ ಸಂಶೋಧನೆಗಳು ಒಂದರ ಮೇಲೊಂದು ಬಂದವು. 1868ರಲ್ಲಿ ಪರ್ಕಿನ್ನನು ಕೂಮರಿನ್ ಎಂಬ ವಸ್ತುವನ್ನು ಮಾಡಿದನು; ಅದು ಕೊಯ್ದು ಒಣಹಾಕಿದ ಹುಲ್ಲಿನ ಕಂಪು. 1874ರಲ್ಲಿ ಟೀಮನ್ ಮತ್ತು ಹಾರ್ಮನ್ ಎಂಬ ಜರ್ಮನರು ಸೂಚಿಪರ್ಣಿ ಮರದ ರಸದಿಂದ ವೆನಿಲಿನ್ ತೆಗೆದರು. 1888ರಲ್ಲಿ ಬೌರ್ ಎಂಬಾತನು ಸಿಡಿಮದ್ದನ್ನು ಸುಧಾರಿಸುವ ಪ್ರಯತ್ನದಲ್ಲಿದ್ದಾಗ ಕಸ್ತೂರಿಯ ವಾಸನೆಯ ಹರಳುಗಳು ಕೈಗೆ ಸಿಕ್ಕಿದವು. 1893ರಲ್ಲಿ ವಯಲೆಟ್ ಹೂವಿನ ಕಂಪೂ ಪ್ರಯೋಗಶಾಲೆಯಲ್ಲಿ ತಯಾರಾಯಿತು. 1882ರಲ್ಲಿ ಪ್ಯಾರಿಸಿನ ಊಬಿಗಾಂ ಅಂಗಡಿ ಕೂಮರಿನ್ ಸೇರಿಸಿದ ಸೆಂಟನ್ನು ಮಾರಿತು. 1921ರಲ್ಲಿ ಬಂದ ಶನೆಲ್ ನಂಬರ್ 5ರ ವೈಶಿಷ್ಟ್ಯವೇ ಆಲ್ಡಿಹೈಡ್ ಎಂಬ ಕೃತಕ ದ್ರವ್ಯಗಳು.

ಇದೆಲ್ಲವೂ ಕೇವಲ ಮೋಸವೆಂದು ತಳ್ಳಿಹಾಕುವುದು ನ್ಯಾಯವಾಗದು. ಕಸ್ತೂರಿಯನ್ನೇ ನೋಡೋಣ. ಹಿಮಾಲಯದ ಆ ಸಾಧುಪ್ರಾಣಿಯನ್ನು ಕೊಂದರೆ ಒಂದು ಚೀಲದಲ್ಲಿ ದೊರೆಯುತ್ತಿದ್ದುದು ಸುಮಾರು ಎರಡು ತೊಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಕಸ್ತೂರಿಮೃಗಕ್ಕೆ ರಕ್ಷಣೆ ಬಂದಿತು. ಕೃತಕ ಕಸ್ತೂರಿ ಇಲ್ಲದಿದ್ದರೆ ಅಷ್ಟು ಹೊತ್ತಿಗೆ ಕಾಪಾಡಲು ಎಷ್ಟು ಉಳಿದಿರುತ್ತಿದ್ದವೋ! ಆದರೆ ಆ ಕೃತಕ ಕಸ್ತೂರಿಗಳ ಕತೆ ಅಲ್ಲಿಗೇ ಮುಗಿಯಲಿಲ್ಲ. 1980ರ ದಶಕದ ಆರಂಭದಲ್ಲಿ ಜಪಾನಿನ ನದಿಯ ಮೀನುಗಳಲ್ಲಿ, ಅನಂತರ ಯೂರೋಪಿನ ತಾಯಂದಿರ ಎದೆಹಾಲಿನಲ್ಲಿ ಅವುಗಳ ಅಂಶ ಕಂಡುಬಂದಿತು. ಸಾಬೂನಿನ ನೀರಿನೊಂದಿಗೆ ಚರಂಡಿಗೆ ಹೋದದ್ದು ಕರಗದೆ ಉಳಿದು ಸುತ್ತಿಬಳಸಿ ಮನೆಗೇ ಬಂದಿತ್ತು. ಮಸ್ಕ್ ಆ್ಯಂಬ್ರೆಟ್ ಎಂಬ ಒಂದು ಬಗೆ ನರಗಳಿಗೆ ಕೇಡುಮಾಡುವುದೆಂದು ಪ್ರಾಣಿಗಳ ಮೇಲಿನ ಪರೀಕ್ಷೆಗಳಿಂದ ತಿಳಿದು, ಯೂರೋಪಿನಲ್ಲಿ 1995ರಲ್ಲಿ ಅದನ್ನು ಸೌಂದರ್ಯಸಾಧನಗಳಿಂದ ನಿಷೇಧಿಸಿದರು.

ವೆನಿಲಾದ ಕತೆ ನಮ್ಮ ಮಲೆನಾಡಿನವರಿಗೆ ಬೇರೆ ರೀತಿಯಲ್ಲಿ ತಟ್ಟಿದೆ. ಈ ಬಳ್ಳಿ ಮೂಲತಃ ಮೆಕ್ಸಿಕೋ ದೇಶದ್ದು. ಬೇರೆ ಕಡೆ ನೆಟ್ಟರೆ ಹೂ ಬಿಡುತ್ತಿತ್ತು, ಕಾಯಿ ಕಚ್ಚುತ್ತಿರಲಿಲ್ಲ. 1841ರಲ್ಲಿ ರೀಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗನು ಕಡ್ಡಿಯೊಂದರಿಂದ ಹೂವಿನ ಪರಾಗಸ್ಪರ್ಶ ಮಾಡುವ ಉಪಾಯವನ್ನು ಕಂಡುಹಿಡಿದನು. ಇಂದಿಗೂ ಒಂದೊಂದು ಹೂವಿಗೂ ಕೈಯಿಂದಲೇ ಆ ಕೆಲಸ ಆಗಬೇಕು, ಅದೂ ಹೂ ಅರಳಿದ ಬೆಳಗ್ಗೆಯೇ. ಇಷ್ಟು ಶ್ರಮದ ಬೆಳೆಗೆ ಎದುರಾಳಿಯಾಗಿ ನಿಂತದ್ದು ಕಾಗದದ ಗಿರಣಿಯ ಕಸದಿಂದಲೂ, ಆಮೇಲೆ ಪೆಟ್ರೋಲಿಯಮ್ಮಿನಿಂದಲೂ ಮಾಡಿದ ವೆನಿಲಿನ್. 2000ದಲ್ಲಿ ಮಡಗಾಸ್ಕರಿನ ತೋಟಗಳನ್ನು ಚಂಡಮಾರುತ ಹಾಳುಮಾಡಿದ ಮೇಲೆ ಬೆಲೆ ಏರುತ್ತ ಹೋಗಿ, 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿಗೇ ಕಿಲೋಗೆ ಸಾವಿರಾರು ರೂಪಾಯಿ ಸಿಕ್ಕಿತು. ಅಡಕೆ ಕಾಫಿ ತೋಟದವರು ಬಳ್ಳಿ ಹಬ್ಬಿಸಿದರು. ರಾತ್ರಿ ಟಾರ್ಚು ಹಿಡಿದು ಕಾವಲು ಕಾದರು. ಬೆಲೆ ಹೆಚ್ಚಾದಂತೆ ದೊಡ್ಡ ಗಿರಾಕಿಗಳು ಕೃತಕ ವೆನಿಲಿನ್ನಿನ ಕಡೆಗೆ ಸರಿದರು. ಮಡಗಾಸ್ಕರಿನ ಬೆಳೆಯೂ ಚೇತರಿಸಿಕೊಂಡಿತು. ಎರಡೇ ವರ್ಷದಲ್ಲಿ ಬೆಲೆ ನೆಲಕಚ್ಚಿತು. ಅನೇಕರು ಬಳ್ಳಿಯನ್ನು ಕಿತ್ತೆಸೆದರು. ಅಂಗಡಿಯಲ್ಲಿ ನಾವು ಕೊಳ್ಳುವ ಶೀಸೆಯ ಪರಿಮಳ ಎಲ್ಲಿಯದೆಂಬ ಪ್ರಶ್ನೆಗೆ ಹೀಗೆ ಒಬ್ಬ ಸಾಗುವಳಿದಾರನ ಸಾಲದ ಲೆಕ್ಕವೂ ಅಂಟಿಕೊಂಡಿದೆ.

ಶ್ರೀಗಂಧದ ಮಾತಿಗೆ ಬರೋಣ. 1792ರಲ್ಲಿ ಟೀಪು ಸುಲ್ತಾನನು ಇದನ್ನು ಅರಸುಮರವೆಂದು ಸಾರಿದನು. ಮರ ಯಾರ ಹೊಲದಲ್ಲಿ ಹುಟ್ಟಿದರೂ ಒಡೆತನ ಸರ್ಕಾರದ್ದು ಎಂಬ ಪದ್ಧತಿ ಸಂಸ್ಥಾನದಲ್ಲಿಯೂ ಮುಂದುವರಿಯಿತು. ಗಂಧದ ತುಂಡುಗಳನ್ನು ಹರಾಜು ಹಾಕಿ ಹೊರಗೆ ಕಳಿಸುವುದು ವಾಡಿಕೆ; ಎಣ್ಣೆ ತೆಗೆಯುವ ಕೆಲಸ ಬಹುಪಾಲು ಜರ್ಮನಿಯಲ್ಲಿ ನಡೆಯುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ದಾರಿ ಮುಚ್ಚಿಹೋಯಿತು. ರಾಶಿಬಿದ್ದ ಮರವನ್ನು ಏನು ಮಾಡುವುದೆಂಬ ಚಿಂತೆಯೇ ಒಂದು ಉದ್ಯಮಕ್ಕೆ ಕಾರಣವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಬಟ್ಟಿಯಿಳಿಸುವ ಪ್ರಯೋಗ ನಡೆಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಸರ್ಕಾರದ ಗಂಧದೆಣ್ಣೆಯ ಉದ್ಯಮ ನಿಂತಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಪರಿಶ್ರಮದಿಂದ 1918ರಲ್ಲಿ ಗಂಧದ ಸಾಬೂನೂ ಬಂದಿತು. 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು ಎಣ್ಣೆ ಕಾರ್ಖಾನೆಯಾಯಿತು. ಚೇಗು ಮತ್ತು ಬೇರನ್ನು ಪುಡಿಮಾಡಿ ದಿನಗಟ್ಟಲೆ ಹಬೆ ಹಾಯಿಸಿದರೆ ನೂರು ಪಾಲು ಮರಕ್ಕೆ ಐದಾರು ಪಾಲು ಎಣ್ಣೆ ಬರುವುದೇ ಹೆಚ್ಚು.

ಆದರೆ ಮರ ಉಳಿಯಬೇಕಲ್ಲವೆ? 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡುಬಂದ ‘ಸ್ಪೈಕ್’ ರೋಗ ಕಾಡು ಕಾಡನ್ನೇ ಒಣಗಿಸಿತು. ಕಳ್ಳರ ಗರಗಸ ಉಳಿದದ್ದಕ್ಕೆ ಬಿದ್ದಿತು. ತನ್ನ ನೆಲದ ಗಂಧದ ಸಸಿ ತನ್ನದಲ್ಲವೆಂದಮೇಲೆ ರೈತನು ಅದನ್ನು ಕಾಪಾಡುವ ಬದಲು ಮೊಳಕೆಯಲ್ಲಿಯೇ ಚಿವುಟುವುದೂ ಉಂಟಾಯಿತು. 2001ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಭೂಮಿಯ ಒಡೆಯನಿಗೇ ಮರದ ಒಡೆತನ ಬಂದಿತು. ಅಂದಿನಿಂದ ನೆಡುವವರು ಹೆಚ್ಚಿದ್ದಾರೆ. ಎಣ್ಣೆ ದುಬಾರಿಯಾದಂತೆ ಕನ್ನೌಜಿನ ಹಲವು ಬಟ್ಟಿಗಳಲ್ಲಿ ಗಂಧದೆಣ್ಣೆಯ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್ ಬಂದಿತು. ಗಂಧದ ಹೆಸರು ಹೊತ್ತ ಅಗ್ಗದ ಸರಕುಗಳಿಗೆ ಕೃತಕ ಗಂಧ ಬಂದಿತು. ಹೀಗಾಗಿ ‘ಎಲ್ಲರೂ ನಿಜವಾದ ಶ್ರೀಗಂಧಕ್ಕೆ ಹಿಂತಿರುಗೋಣ’ ಎಂದು ಸುಲಭವಾಗಿ ಹೇಳುವಂತಿಲ್ಲ. ಒಂದು ಗಂಧದ ಕೊರಡನ್ನು ಸಾಣೆಯ ಮೇಲೆ ತೇದುಕೊಂಡರೆ ಒಂದು ತಲೆಮಾರು ನಡೆಯುತ್ತದೆ. ಅದೇ ಮರವನ್ನು ಹೊಗೆಯಾಗಿಸುವುದಕ್ಕೆ ಒಂದು ಗಂಟೆ ಸಾಕು. ನೈಸರ್ಗಿಕ ಸುಗಂಧವನ್ನು ಬಯಸುವವನು ಮಿತವ್ಯಯಿಯೂ ಆಗಿರಬೇಕು.

ನಿಸರ್ಗದ್ದು ಯಾವುದು, ಕೃತಕ ಯಾವುದು ಎಂಬ ಗೆರೆಯೂ ನಾವು ತಿಳಿದಷ್ಟು ನೇರವಾಗಿಲ್ಲ. ಮಂಗಳಾರತಿಯ ಕರ್ಪೂರವನ್ನು ಎಲ್ಲರೂ ಮರದ ವಸ್ತುವೆಂದೇ ಭಾವಿಸುತ್ತಾರೆ. ಹಿಂದೆ ಅದು ನಿಜವಾಗಿತ್ತು. ಫಾರ್ಮೋಸಾ ದ್ವೀಪದ ಕರ್ಪೂರದ ಮರಗಳನ್ನು ಕಡಿದು, ಚಕ್ಕೆಗೆ ಹಬೆ ಹಾಯಿಸಿ ತೆಗೆಯುತ್ತಿದ್ದರು. ಸೆಲ್ಯುಲಾಯ್ಡಿನ ತಯಾರಿಕೆಗೆ ಕರ್ಪೂರ ಬೇಕಾದಾಗ ಬೇಡಿಕೆ ಏರಿತು. ಜಪಾನ್ ಸರ್ಕಾರ 1899ರಲ್ಲಿ ಅದನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಬೆಲೆಯ ಬಿಸಿ ತಾಳಲಾರದೆ ಯೂರೋಪಿನವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಟರ್ಪೆಂಟೈನಿನಿಂದ ಕರ್ಪೂರ ಮಾಡಲು ಕಲಿತರು. ಇಂದು ನಮ್ಮ ದೇಶದಲ್ಲಿ ಆರತಿಯ ತಟ್ಟೆಗೆ ಬರುವುದು ಬಹುಮಟ್ಟಿಗೆ ಈ ಪೈನ್ ಮರದ ರಾಳದಿಂದ ಕಾರ್ಖಾನೆಯಲ್ಲಿ ಮಾಡಿದ ಕರ್ಪೂರವೇ. ಗಂಧದ ಬದಲಿಗೆ ಬಳಸುವ ಕೆಲವು ದ್ರವ್ಯಗಳೂ ಇದೇ ಟರ್ಪೆಂಟೈನಿನ ಸಂತಾನ.

ಈಗ ಬಟ್ಟೆಯ ಪೆಟ್ಟಿಗೆಯನ್ನು ತೆರೆಯೋಣ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಾಶ್ಮೀರದ ಶಾಲುಗಳು ಯೂರೋಪಿಗೆ ಹೋಗುವಾಗ ನುಸಿ ಹಿಡಿಯದಿರಲೆಂದು ಅವುಗಳ ಮಡಿಕೆಗಳಲ್ಲಿ ಪಚೋಲಿಯ ಒಣಎಲೆಗಳನ್ನು ಇಡುತ್ತಿದ್ದರು. ನಮ್ಮ ಹೂಮಾಲೆಯ ಪಚ್ಚೆತೆನೆಯ ಬಳಗದ ಗಿಡ ಅದು. ಹೆಸರಿನ ಮೂಲವೂ ತೆಂಕಣ ನುಡಿಯ ‘ಪಚ್ಚೆ ಎಲೆ’ಯೇ. ಆ ವಾಸನೆಯಿಲ್ಲದ ಶಾಲು ಅಸಲಿಯಲ್ಲವೆಂದು ಅಲ್ಲಿನ ಹೆಂಗಸರು ತೀರ್ಮಾನಿಸತೊಡಗಿದರಂತೆ. ನಕಲು ಶಾಲು ನೇಯ್ದ ಫ್ರೆಂಚರು ಕೊನೆಗೆ ಎಲೆಯನ್ನೂ ತರಿಸಿಕೊಳ್ಳಬೇಕಾಯಿತಂತೆ. ಆ ಎಲೆಯ ಜಾಗಕ್ಕೆ ಕಾಲಕ್ರಮದಲ್ಲಿ ಬಂದದ್ದು ಡಾಂಬರಿನ ಇನ್ನೊಂದು ಮಗು, ನ್ಯಾಫ್ತಲೀನ್. ಅದೇ ನಮ್ಮ ನುಸಿಗುಳಿಗೆ. ಬೆಳ್ಳಗೆ, ದುಂಡಗೆ, ಅಗ್ಗವಾಗಿ ಮನೆಮನೆಗೂ ಬಂದಿತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದ ಸಂಗತಿಯೊಂದಿದೆ. 1956ರಲ್ಲಿ ಅಮೆರಿಕದ ವೈದ್ಯರು ಕೆಲವರ ರಕ್ತದ ಕೆಂಪುಕಣಗಳಲ್ಲಿ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಇರುವುದನ್ನು ಕಂಡುಹಿಡಿದರು. ಮಲೇರಿಯಾ ಇದ್ದ ಸೀಮೆಗಳ ಜನರಲ್ಲಿ, ಆದ್ದರಿಂದ ನಮ್ಮಲ್ಲಿಯೂ, ಇದು ವಂಶಪಾರಂಪರ್ಯವಾಗಿ ಬರುತ್ತದೆ. ಹೊರನೋಟಕ್ಕೆ ಇಂಥವರು ಆರೋಗ್ಯವಂತರು. ಆದರೆ ನ್ಯಾಫ್ತಲೀನಿನ ಅಂಶ ಮೈಗೆ ಸೇರಿದರೆ ಇವರ ಕೆಂಪುಕಣಗಳು ಒಡೆದುಹೋಗುತ್ತವೆ. ಹಸುಗೂಸಿಗೆ ಹೀಗಾದರೆ ಕಾಮಾಲೆ ಏರಿ ಮೆದುಳಿಗೇ ಅಪಾಯವಾಗಬಹುದು. ಗುಳಿಗೆ ನುಂಗಬೇಕೆಂದಿಲ್ಲ; ಗುಳಿಗೆಗಳ ನಡುವೆ ಇಟ್ಟಿದ್ದ ಬಟ್ಟೆಯನ್ನು ಹಾಗೆಯೇ ಹೊದಿಸಿದ್ದರಿಂದಲೂ ಮಕ್ಕಳಿಗೆ ಹೀಗಾದದ್ದು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿದೆ. ನಮ್ಮ ಮನೆಗಳ ಪದ್ಧತಿಯನ್ನು ನೆನೆದುಕೊಳ್ಳಿ. ಬಾಣಂತಿಗೆಂದು ಎತ್ತಿಟ್ಟ ಹಳೆಯ ರೇಷ್ಮೆಸೀರೆ, ದೊಡ್ಡ ಮಗುವಿನ ಉಣ್ಣೆಯ ಕುಲಾವಿ, ಅಜ್ಜಿಯ ಮೆತ್ತನೆಯ ದುಪ್ಪಟಿ ಇವೆಲ್ಲ ಬರುವುದು ಆ ಪೆಟ್ಟಿಗೆಯಿಂದಲೇ. ಪ್ರೀತಿಯಿಂದ ಹೊದಿಸಿದ ಬಟ್ಟೆಯಲ್ಲಿ ಅಪಾಯ ಅಡಗಿರಬಾರದು. ಯೂರೋಪಿನ ಒಕ್ಕೂಟ 2008ರಲ್ಲಿ ನ್ಯಾಫ್ತಲೀನಿನ ನುಸಿಗುಳಿಗೆಯನ್ನು ನಿಷೇಧಿಸಿತು. ನಮ್ಮಲ್ಲಿ ಪ್ರತಿ ಮನೆಯೂ ತಾನೇ ನಿರ್ಧರಿಸಬಹುದು.

ಅಗರಬತ್ತಿಯಲ್ಲಿಯೂ ಇಂಥದೇ ಮಾರ್ಪಾಟು ನಡೆಯಿತು. ಹಳೆಯ ಮಸಾಲೆಬತ್ತಿಗೆ ಹಾಲುಮಡ್ಡಿಯ ಅಂಟು, ಇದ್ದಿಲು, ಜಿಗಟು, ಗಂಧದ ಪುಡಿ, ಗಿಡಮೂಲಿಕೆಗಳನ್ನು ಕಲಸಿ ಕಡ್ಡಿಗೆ ಹೊಸೆಯುತ್ತಿದ್ದರು. ಹಾಲುಮಡ್ಡಿ ನಮ್ಮ ಪಶ್ಚಿಮಘಟ್ಟದ ಮರ. ಬೇಡಿಕೆ ಹೆಚ್ಚಿದಂತೆ ಇದ್ದಿಲು ಜಿಗಟುಗಳ ಬರಿಯ ಬತ್ತಿಯನ್ನು ಹೊಸೆದು, ಸೆಂಟಿನಲ್ಲಿ ಅದ್ದಿ ಒಣಗಿಸುವ ಕ್ರಮ ಹೆಚ್ಚು ಬಳಕೆಗೆ ಬಂದಿತು. ಆ ಸೆಂಟನ್ನು ತೆಳುಮಾಡಲು ಡೈಈಥೈಲ್ ಥ್ಯಾಲೇಟ್ ಎಂಬ ದ್ರಾವಕವನ್ನು ಬಳಸುವುದು ಸಾಮಾನ್ಯ. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆದರೆ ಬರಿಯ ಬತ್ತಿ ಚೀನಾ ವಿಯೆಟ್ನಾಂಗಳಿಂದ ಎಷ್ಟು ಬರತೊಡಗಿತೆಂದರೆ 2019ರಲ್ಲಿ ಕೇಂದ್ರ ಸರ್ಕಾರ ಆಮದಿಗೆ ನಿರ್ಬಂಧ ಹಾಕಬೇಕಾಯಿತು. ಬೆಂಗಳೂರು ಮೈಸೂರುಗಳಲ್ಲಿ ಮನೆಯಲ್ಲಿ ಕುಳಿತು ಬತ್ತಿ ಹೊಸೆಯುವ ಹೆಂಗಸರ ಅನ್ನದ ಪ್ರಶ್ನೆ ಅದು.

ಕೊನೆಯದಾಗಿ ಬಂದದ್ದು ಒತ್ತಿದರೆ ಬುಸ್ಸೆನ್ನುವ ಡಬ್ಬಿ. ಇದರ ಹುಟ್ಟು ಯುದ್ಧಭೂಮಿಯದು. 1941ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗುಡ್‌ಹ್ಯೂ ಮತ್ತು ಸಲ್ಲಿವನ್ ಎಂಬುವರು ಸೈನಿಕರನ್ನು ಮಲೇರಿಯಾ ಸೊಳ್ಳೆಯಿಂದ ಕಾಪಾಡಲು ಒತ್ತಡದ ಅನಿಲದಿಂದ ಕೀಟನಾಶಕವನ್ನು ಸಿಂಪಡಿಸುವ ಡಬ್ಬಿಯನ್ನು ಮಾಡಿದರು. ಶಾಂತಿಯಾದ ಮೇಲೆ ಅದೇ ಡಬ್ಬಿಯಲ್ಲಿ ಸೆಂಟು ತುಂಬಿ ಕೋಣೆಯ ‘ತಾಜಾತನ’ವೆಂದು ಮಾರಿದರು. ಅದರಲ್ಲಿದ್ದ ಅನಿಲ ಆಕಾಶದ ಓಜೋನ್ ಪದರಕ್ಕೆ ತೂತು ಮಾಡುವುದೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಆ ಅನಿಲ ಹಿಂದೆ ಸರಿಯಿತು. ಡಬ್ಬಿ ಉಳಿಯಿತು. ಅದರ ಮೇಲೆ ‘ಫ್ರಾಗ್ರೆನ್ಸ್’ ಎಂಬ ಒಂದೇ ಮಾತಿರುತ್ತದೆ. ಆ ಒಂದು ಮಾತಿನ ಹಿಂದೆ ಹತ್ತಾರು ವಸ್ತುಗಳಿರಬಹುದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಆನ್ ಸ್ಟೈನ್‌ಮನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮನೆಬಳಕೆಯ 25 ಸುವಾಸಿತ ಸರಕುಗಳಿಂದ 133 ಬಗೆಯ ಆವಿವಸ್ತುಗಳು ಹೊರಟವು. ‘ನ್ಯಾಚುರಲ್’ ಎಂಬ ಚೀಟಿ ಅಂಟಿಸಿಕೊಂಡವೂ ಇದಕ್ಕೆ ಹೊರತಾಗಿರಲಿಲ್ಲ.

ಹಾಗಾದರೆ ಸಂಸಾರಿಗಳು ಮಾಡಬೇಕಾದದ್ದೇನು? ಮೊದಲನೆಯದು ಖರ್ಚಿಲ್ಲದ್ದು. ದುರ್ವಾಸನೆಯ ಮೇಲೆ ಸುವಾಸನೆಯನ್ನು ಹೊದಿಸುವುದು ಕಸವನ್ನು ಚಾಪೆಯ ಕೆಳಗೆ ಗುಡಿಸಿದಂತೆ. ಒದ್ದೆಬಟ್ಟೆ, ಕಟ್ಟಿದ ಮೋರಿ, ಮುಚ್ಚಿದ ಕಿಟಕಿ ಇವುಗಳಲ್ಲಿ ಯಾವುದು ಕಾರಣವೆಂದು ಹುಡುಕಿ ಸರಿಪಡಿಸಿದರೆ ಡಬ್ಬಿಯ ಅಗತ್ಯವೇ ಬಹುಪಾಲು ಇಲ್ಲವಾಗುತ್ತದೆ. ಎರಡನೆಯದು ಬಟ್ಟೆಯ ಪೆಟ್ಟಿಗೆ. ನುಸಿ ತಿನ್ನುವುದು ಬೆವರು ಜಿಡ್ಡು ಹತ್ತಿದ ಉಣ್ಣೆ ರೇಷ್ಮೆಗಳನ್ನು. ಒಗೆದು, ಉಣ್ಣೆಯನ್ನು ಚೆನ್ನಾಗಿ ಬಿಸಿಲಿಗೆ ಹಾಕಿ, ರೇಷ್ಮೆಯನ್ನು ನೆರಳಿನಲ್ಲಿ ಗಾಳಿಗೆ ಹರವಿ, ಬಿಗಿಯಾದ ಪೆಟ್ಟಿಗೆಯಲ್ಲಿ ಇಡುವುದೇ ಮುಖ್ಯ ರಕ್ಷಣೆ. ಒಣಗಿದ ಬೇವಿನೆಲೆ, ಲಾವಂಚ, ಬಜೆಗಳ ಗಂಟು ಇದಕ್ಕೆ ಒತ್ತಾಸೆಯೇ ಹೊರತು, ಗುಳಿಗೆಯಂತೆ ಹುಳುವನ್ನು ಕೊಂದೀತೆಂದು ನಂಬಬಾರದು. ಎರಡು ಮೂರು ತಿಂಗಳಿಗೊಮ್ಮೆ ಗಂಟನ್ನು ಬದಲಿಸಿ ಬಟ್ಟೆಯನ್ನು ಕೊಡವಬೇಕು. ಬಚ್ಚಲಲ್ಲಿ ತೂಗುಹಾಕುವ ಬಿಲ್ಲೆಗಳಲ್ಲಿ ಅನೇಕವು ನ್ಯಾಫ್ತಲೀನಿನ ಜ್ಞಾತಿಯಾದ ಪ್ಯಾರಾಡೈಕ್ಲೋರೋಬೆಂಜೀನ್, ಅವನ್ನೂ ಬಿಡಬಹುದು.

ನೈಸರ್ಗಿಕವೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು. ಹೊಗೆ ಯಾವ ಮರದ್ದಾದರೂ ಹೊಗೆಯೇ. ಉಬ್ಬಸದವರು, ಎಳೆಮಕ್ಕಳು ಇರುವ ಕೋಣೆಯಲ್ಲಿ ಲೋಬಾನವನ್ನೂ ಮಸಾಲೆಬತ್ತಿಯನ್ನೂ ದೂರವಿಡುವುದು ಲೇಸು. ದೇವರ ಮುಂದೆ ಒಂದು ಬತ್ತಿ, ಕಿಟಕಿ ತೆರೆದು, ಸಾಕು. ಕರ್ಪೂರವನ್ನೂ ನೀಲಗಿರಿ ಎಣ್ಣೆಯನ್ನೂ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಸ್ವಲ್ಪ ಹೊಟ್ಟೆಗೆ ಹೋದರೂ ಮಕ್ಕಳಿಗೆ ಸೆಳೆತ ಬರುವುದುಂಟು. ಶೀತವೆಂದು ಕೂಸಿನ ಮೂಗಿಗೆ ಕರ್ಪೂರ ಹಚ್ಚುವುದೂ ಸಲ್ಲದು. ಚರ್ಮಕ್ಕೆ ಒಗ್ಗದ ಸುಗಂಧವಸ್ತುಗಳೆಂದು ಯೂರೋಪಿನವರು 2003ರ ಆದೇಶದಿಂದ ಚೀಟಿಯ ಮೇಲೆ ಹೆಸರಿಸಲೇಬೇಕೆಂದು ಮಾಡಿದ 26 ವಸ್ತುಗಳಲ್ಲಿ ಹೆಚ್ಚಿನವು ಹೂವು, ಹಣ್ಣಿನ ಸಿಪ್ಪೆ, ಚಕ್ಕೆ, ಲವಂಗಗಳಲ್ಲಿ ಸಹಜವಾಗಿಯೇ ಇರುವಂಥವು.

ಇಷ್ಟನ್ನೂ ಬದಿಗಿಟ್ಟು ಉಳಿಯುವುದು ಏನು ಎಂದರೆ, ಸಾಕಷ್ಟು ಉಳಿಯುತ್ತದೆ. ಕುಂಡದಲ್ಲೊಂದು ಮಲ್ಲಿಗೆ, ಸಂತೆಯಿಂದ ತಂದ ದವನ ಮರುಗ, ಹೂಜಿಯಲ್ಲಿ ಲಾವಂಚ, ಸೀರೆಯ ಮಡಿಕೆಯಲ್ಲಿ ಒಣ ಸುರಗಿ. ಉಡುಪಿಯ ಶಂಕರಪುರದಲ್ಲಿ, ಹಡಗಲಿಯಲ್ಲಿ, ಮೈಸೂರಿನ ಸುತ್ತಿನಲ್ಲಿ ಬೆಳಗಿನ ಜಾವ ಮೊಗ್ಗು ಬಿಡಿಸುವ ಕೈಗಳಿಗೆ ಅದರಿಂದ ನಾಲ್ಕು ಕಾಸು ಸೇರುತ್ತದೆ. ಈ ಕಂಪುಗಳು ಡಬ್ಬಿಯದರಂತೆ ದಿನವಿಡೀ ಒಂದೇ ಸಮನೆ ಇರುವುದಿಲ್ಲ. ಸಂಜೆಗೆ ಹೆಚ್ಚುತ್ತವೆ, ಬೆಳಗಾಗುವುದರೊಳಗೆ ಬಾಡುತ್ತವೆ, ಋತು ಮುಗಿದರೆ ಕಾಯಿಸುತ್ತವೆ. ಹೊರಳಬೇಕೆನ್ನುವವರು ಎಲ್ಲವನ್ನೂ ಒಂದೇ ದಿನ ಹೊರಗೆಸೆಯಬೇಕಾಗಿಲ್ಲ. ಮನೆಯಲ್ಲಿ ಬಾಣಂತಿಯೋ ಹಸುಗೂಸೋ ಇದ್ದರೆ ಮೊದಲು ಆ ಬಟ್ಟೆಯ ಪೆಟ್ಟಿಗೆಯಿಂದ ಗುಳಿಗೆಗಳನ್ನು ಆರಿಸಿ ತೆಗೆಯಿರಿ. ಬಟ್ಟೆಗಳನ್ನು ಒಗೆದು, ಗಾಳಿಬಿಸಿಲಿಗೆ ಹರವಿ, ಘಾಟು ಪೂರ್ತಿ ಹೋದಮೇಲೆ ಮಗುವಿಗೆ ಹೊದಿಸಿರಿ. ಉಳಿದದ್ದನ್ನು ಬಿಡುವಾದಾಗ ನೋಡಿಕೊಳ್ಳಬಹುದು.